ಸಂಕಲ್ಪದಲ್ಲಿ ಯಾರ ಯಾರ ಹೆಸರು?

ಬೆಟ್ಟ ಹತ್ತಿ ಬಂದ ಭಕ್ತರು ಹಣ್ಣುಕಾಯಿ ತಟ್ಟೆ ಕೊಟ್ಟಾಗ ಅರ್ಚಕರು ಮೊದಲು ಕೇಳುವುದು ಗೋತ್ರ, ನಕ್ಷತ್ರ, ಮನೆಯವರ ಹೆಸರು. ಆಮೇಲೆ ಹೇಳುವ ಸಂಕಲ್ಪದಲ್ಲಿ ‘ಸಹಕುಟುಂಬಾನಾಂ’ ಎಂಬ ಮಾತು ಬರುತ್ತದೆ. ಕುಟುಂಬ ಸಮೇತರಾಗಿ ಎಲ್ಲರಿಗೂ ಕ್ಷೇಮವಾಗಲಿ ಎಂದು ಅದರ ಭಾವ. ಆದರೆ ಆ ಕುಟುಂಬದಲ್ಲಿ ಯಾರು ಯಾರಿದ್ದಾರೆ?

ಹಿಂದೆ ಹೀಗೆ ಕೇಳುವ ಪ್ರಮೇಯವೇ ಇರಲಿಲ್ಲ. ಅಜ್ಜ-ಅಜ್ಜಿ, ದೊಡ್ಡಪ್ಪ-ಚಿಕ್ಕಪ್ಪ, ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಸೋದರತ್ತೆ, ತೊಟ್ಟಿಲ ಕೂಸು ಎಲ್ಲರಿಗೂ ಒಂದೇ ಒಲೆ, ಒಂದೇ ಕಣಜ. ತಾಯಿ ಗದ್ದೆಗೆ ಹೋದರೆ ಮಗು ದೊಡ್ಡಮ್ಮನ ಮಡಿಲಲ್ಲಿ ಉಣ್ಣುತ್ತಿತ್ತು. ಹಾಗಂತ ಅದೆಲ್ಲ ಸ್ವರ್ಗವಾಗಿತ್ತು ಅನ್ನೋದೂ ಸುಳ್ಳು. ಎಲ್ಲರೂ ಉಂಡೆದ್ದ ಮೇಲೆ ತಳದ ಸಾರು ಬಳಿದು ಉಂಡ ಸೊಸೆಯ ಕಣ್ಣೀರು ಒಲೆಯ ಹೊಗೆಯಲ್ಲಿ ಯಾರಿಗೂ ಕಾಣಲಿಲ್ಲ.

ಕಾಲ ಬದಲಾಯಿತು. ಹೊಲ ಪಾಲಾಗಿ ಪಾಲಾಗಿ ಗುಂಟೆಗಳಿಗೆ ಇಳಿಯಿತು. ಓದಿದ ಮಕ್ಕಳು ಬೆಂಗಳೂರು, ಮುಂಬಯಿ, ಅಮೆರಿಕ ಸೇರಿದರು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ, ಹೆಂಡತಿ, ಒಂದೋ ಎರಡೋ ಮಕ್ಕಳು. ಮನೆ ಚಿಕ್ಕದಾದರೆ ದೋಷವಿಲ್ಲ; ಮನಸ್ಸು ಚಿಕ್ಕದಾಗಬಾರದು.

ಒಬ್ಬ ಗೃಹಸ್ಥ ಅರ್ಚನೆಗೆ ತನ್ನ, ಹೆಂಡತಿಯ, ಮಕ್ಕಳ ಹೆಸರು ಹೇಳಿ ಸುಮ್ಮನಾದ. “ತಾಯಿಯವರು?” ಎಂದರು ಅರ್ಚಕರು.

“ಈ ತಿಂಗಳು ಅವ್ವ ತಮ್ಮನ ಮನೇಲಿದಾಳೆ ಸ್ವಾಮಿ.”

ಆಸ್ತಿ ಪಾಲಾದ ದಿನವೇ ಅವ್ವನೂ ಪಾಲಾಗಿದ್ದಳು. ತಿಂಗಳು ಇಲ್ಲಿ, ತಿಂಗಳು ಅಲ್ಲಿ. “ಹೆಸರಿಗೂ ಪಾಳಿ ಉಂಟೇನಪ್ಪಾ?” ಎಂದರು ಅರ್ಚಕರು. ಅವನಿಗೆ ಅವ್ವನ ನಕ್ಷತ್ರವೂ ಗೊತ್ತಿರಲಿಲ್ಲ. ಅಲ್ಲಿಂದಲೇ ಫೋನ್ ಮಾಡಿ ಕೇಳಿದ. ಆಕೆ ಮಗನದು, ಸೊಸೆಯದು, ಮೊಮ್ಮಕ್ಕಳದು ಒಂದೊಂದಾಗಿ ಹೇಳಿದಳು. “ನಿಂದು ಹೇಳವ್ವಾ” ಎಂದಾಗ, “ನಂದ್ಯಾರು ಬರೆದಿಟ್ಟಿದ್ರು ಮಗಾ?” ಎಂದಳು. ಆ ದಿನ ಅರ್ಚನೆ ಆಕೆಯ ಹೆಸರಿನಿಂದಲೇ ಮೊದಲಾಯಿತು.

ಹೆತ್ತವರಿಗೆ ಮಕ್ಕಳಿಂದ ಜೀವನಾಂಶ ಕೊಡಿಸಲು 2007ರಲ್ಲಿ ದೇಶದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ಮಾತಿಗೆ ತಪ್ಪಿದರೆ, ರದ್ದುಪಡಿಸಲೂ ಅದರಲ್ಲಿ ಅವಕಾಶವಿದೆ. ನೊಂದ ಹಿರಿಯರು ಅದರ ಆಸರೆ ಪಡೆಯಲು ನಾಚಬೇಕಿಲ್ಲ. ಆದರೆ ಕಾಯ್ದೆ ಗಂಜಿ ಕೊಡಿಸೀತು, “ಉಂಡೆಯೇನವ್ವಾ?” ಎಂದು ಕೇಳಿಸೀತೇ?

ದೂರವಿದ್ದೂ ಒಂದಾಗಿರಬಹುದು. ಕೊಡಗಿನಲ್ಲಿ ಒಂದು ಒಕ್ಕದವರು ಊರೂರಿಗೆ ಚದುರಿ ಬೇರೆ ಬೇರೆ ಒಲೆ ಹೂಡಿದ್ದರೂ ಪುತ್ತರಿ ಹಬ್ಬಕ್ಕೆ ಹಿರಿಯರ ಐನ್‌ಮನೆಯಲ್ಲಿ ಕೂಡುತ್ತಾರೆ. ಅಲ್ಲಿಯ ದೀಪದ ಮುಂದೆ ಕೈಮುಗಿದು ಹೊಸ ಕದಿರು ತರುತ್ತಾರೆ. ವರ್ಷಕ್ಕೊಮ್ಮೆ ಹಾಗೆ ಕೂಡುವ ಜಾಗ ಪ್ರತಿ ಮನೆತನಕ್ಕೂ ಇರಲಿ. ಕೂಡಿದಾಗ ಅಡುಗೆಮನೆಯ ಭಾರ ಸೊಸೆಯಂದಿರ ಮೇಲಷ್ಟೇ ಬೀಳದಿರಲಿ.

ಬೆಟ್ಟ ಇಳಿಯುವ ಮುನ್ನ ಪ್ರಸಾದದ ಪೊಟ್ಟಣ ಒಂದು ಹೆಚ್ಚಿಗೆ ಕಟ್ಟಿಸಿಕೊಳ್ಳಿ. ಅದು ಯಾರಿಗೆಂದು ನಿಮ್ಮ ಮನಸ್ಸಿಗೇ ಗೊತ್ತು. ಅದನ್ನು ಕೈಯಾರೆ ಕೊಟ್ಟು ಕಾಲಿಗೆ ನಮಸ್ಕರಿಸಿದಾಗಲೇ ಯಾತ್ರೆ ಪೂರ್ಣವಾಗುವುದು. ಭಗವಂತನು ಎಲ್ಲರಿಗೂ ಆ ಬುದ್ಧಿ, ಆ ಭಾಗ್ಯ ಕರುಣಿಸಲಿ.

॥ ಶುಭಮಸ್ತು ॥