ತವರದ ಅಡಿಯಲ್ಲಿ

'ಬೆಸುಗೆ' ಎಂಬ ಮಾತು ನಮ್ಮ ಭಾಷಣಕಾರರಿಗೆ ಬಲು ಪ್ರಿಯವಾದುದು. ಮನಸ್ಸು ಮನಸ್ಸುಗಳ ಬೆಸುಗೆ, ಸಂಸ್ಕೃತಿಗಳ ಬೆಸುಗೆ, ಮದುವೆಯ ಮಂಟಪದಲ್ಲಿ ಎರಡು ಕುಟುಂಬಗಳ ಬೆಸುಗೆ. ಹೀಗೆ ಹೇಳುವವರಲ್ಲಿ ಎಷ್ಟು ಮಂದಿ ಒಂದು ಹಿತ್ತಾಳೆಯ ತುಂಡನ್ನು ಇನ್ನೊಂದಕ್ಕೆ ಬೆಸೆದು ನೋಡಿದ್ದಾರೋ ತಿಳಿಯದು. ನೋಡಿದ್ದರೆ ಆ ಮಾತನ್ನು ಇಷ್ಟು ಸಲೀಸಾಗಿ ಬಳಸುತ್ತಿರಲಿಲ್ಲ. ಬೆಸುಗೆಯಲ್ಲಿ ಕಾಸುವುದು, ಕರಗಿಸುವುದು ಗಳಿಗೆಯ ಕೆಲಸ. ಉಳಿದ ಹೊತ್ತೆಲ್ಲ ತಿಕ್ಕುವುದಕ್ಕೇ ಹೋಗುತ್ತದೆ. ಕಣ್ಣಿಗೆ ಲಕಲಕ ಹೊಳೆಯುವ ತಾಮ್ರದ ಮೇಲೂ ಗಾಳಿಯ ಆಮ್ಲಜನಕ ಸೇರಿ ಆದ ತೆಳು ಪೊರೆಯೊಂದಿರುತ್ತದೆ. ಜತೆಗೆ ನಮ್ಮದೇ ಬೆರಳಿನ ಜಿಡ್ಡು. ಇವು ಹೋಗದೆ ಕರಗಿದ ತವರ ಹಿಡಿಯುವುದಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗಾಗಿ ಉರುಳಿಬಿಡುತ್ತದೆ.

ಅಷ್ಟು ಕಷ್ಟಪಟ್ಟು ಶುದ್ಧಮಾಡಿದ ಮೈ ಮರುಕ್ಷಣವೇ ತವರದ ಅಡಿಗೆ ಹೋಗಿ ಮುಚ್ಚಿಹೋಗುತ್ತದೆ. ಮತ್ತೆ ಅದನ್ನು ಯಾರೂ ನೋಡಲಾರರು. ಯಾರೂ ನೋಡಲಾರದ ಜಾಗದಲ್ಲಿ ಕೆಲಸವನ್ನು ಸರಿಯಾಗಿ ಮಾಡಬೇಕಾದ ಋಣ ಯಾರಿಗೆ ಸಲ್ಲುತ್ತದೆ?

ಕಾಪುವಿನ ನಮ್ಮ ಹಳೆಯ ಮನೆಗೆ ಮಳೆಗಾಲ ಕಳೆದ ಮೇಲೆ ಕಲಾಯಿಯವರು ಬರುತ್ತಿದ್ದರು. ಅಂಗಳದ ಮೂಲೆಯಲ್ಲೊಂದು ಸಣ್ಣ ಗುಂಡಿ, ಅದಕ್ಕೆ ಇದ್ದಿಲು, ಪಕ್ಕದಲ್ಲಿ ಚರ್ಮದ ತಿದಿ. ಹಿತ್ತಾಳೆಯ ತಪ್ಪಲೆ, ತಾಮ್ರದ ಕೊಪ್ಪರಿಗೆಗಳನ್ನು ಹೆಂಗಸರು ಮುಂಚಿತವಾಗಿಯೇ ಬಿಂಬುಳಿ, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿ ಇಟ್ಟಿರುತ್ತಿದ್ದರು. ಅವರಿಗೆ ಅದು ಸಾಲದು. ಮರಳು ಹಾಕಿ, ಪಾತ್ರೆಯೊಳಗೆ ಬರಿಗಾಲಲ್ಲಿ ನಿಂತು, ಸೊಂಟ ತಿರುಗಿಸುತ್ತ ಮತ್ತೊಮ್ಮೆ ಉಜ್ಜುತ್ತಿದ್ದರು. ಆಮೇಲೆ ಬೆಂಕಿಯ ಮೇಲೆ ಹಿಡಿದು, ಚಿಟಿಕೆ ನವಸಾಗರ ಎರಚಿ, ತವರದ ಕಡ್ಡಿಯನ್ನು ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಒರೆಸಿದರೆ ಆಯಿತು: ಕೆಂಪು ಪಾತ್ರೆಯ ಒಳಮೈ ಬೆಳ್ಳಿಯಾಗುತ್ತಿತ್ತು. ದಟ್ಟ ಬಿಳಿಯ ಹೊಗೆ, ಮೂಗು ಸುಡುವ ವಾಸನೆ. ನವಸಾಗರ ಬಿಸಿಗೆ ಒಡೆದು ಅಮೋನಿಯ ಮತ್ತು ಹೈಡ್ರೊಜನ್ ಕ್ಲೋರೈಡ್ ಆಗುತ್ತದೆ; ಅವು ಉಳಿದ ಪೊರೆಯನ್ನು ತಿಂದುಹಾಕುತ್ತವೆ; ಆ ಗಳಿಗೆಯಲ್ಲೇ ತವರ ಹಿಡಿಯಬೇಕು. ತವರ ಕರಗುವುದು 232 ಡಿಗ್ರಿಗೆ, ತಾಮ್ರಕ್ಕೆ 1,085 ಡಿಗ್ರಿ ಬೇಕು. ಆದ್ದರಿಂದ ಪಾತ್ರೆ ಕೆಡದೆ ಕಲಾಯಿ ಕೂರುತ್ತದೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಇಟ್ಟರೆ ಕಿಲುಬು ಬಂದು ಊಟ ವಿಷವಾಗುವುದನ್ನು ನಮ್ಮ ಕಡೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಂಥ ಕೆಲಸ ಮನುಷ್ಯನನ್ನು ಪ್ರಾಮಾಣಿಕನನ್ನಾಗಿ ಮಾಡುತ್ತದೆ ಎಂದು ಹೇಳುವವರಿದ್ದಾರೆ. ಲೋಹಕ್ಕೆ ಮೋಸಮಾಡಲು ಬರುವುದಿಲ್ಲ, ಅರ್ಧಂಬರ್ಧ ತಿಕ್ಕಿದರೆ ಅಲ್ಲಲ್ಲೇ ಕೆಂಪು ಕಣ್ಣು ಬಿಟ್ಟು ತೋರಿಸುತ್ತದೆ, ಹೀಗೆ ಕೈಕಸಬೇ ನೀತಿಪಾಠವಾಗುತ್ತದೆ ಎಂಬುದು ಅವರ ವಾದ. ಕೇಳಲು ಚೆನ್ನಾಗಿದೆ. ಕೈ ಕೊಳೆ ಮಾಡಿಕೊಳ್ಳದ ನಮ್ಮಂಥವರಿಗೆ ಕೈಕಸಬಿನ ಬಗ್ಗೆ ಭಕ್ತಿ ಸ್ವಲ್ಪ ಹೆಚ್ಚೇ ಇರುತ್ತದೆ. ಆದರೆ ಈ ವಾದ ಸೀಸದ ಮುಂದೆ ನಿಲ್ಲುವುದಿಲ್ಲ. ಸೀಸ ತವರಕ್ಕಿಂತ ಹಲವು ಪಟ್ಟು ಅಗ್ಗ. ತವರಕ್ಕೆ ಅದನ್ನು ಬೆರೆಸಿದರೆ ಹೊಳಪಿಗೆ ಧಕ್ಕೆಯಿಲ್ಲ, ಕೆಲಸವೂ ಹಗುರ. ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಸೇರಿದ ಮಿಶ್ರಣ 183 ಡಿಗ್ರಿಗೇ ನೀರಾಗುತ್ತದೆ. ರೇಡಿಯೋ ರಿಪೇರಿಯವರು ಬಹುಕಾಲ ಬಳಸಿದ ಬೆಸುಗೆ ತಂತಿ ಹೆಚ್ಚುಕಡಿಮೆ ಅದೇ. ಅಂದರೆ ಕೊಳೆಯನ್ನು ಕ್ಷಮಿಸದ ತಾಮ್ರ ಸೀಸವನ್ನು ಮಾತ್ರ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ತಿಕ್ಕುವುದರಲ್ಲಿ ಎಳ್ಳಷ್ಟೂ ಕುಂದಿಲ್ಲದ, ನೋಡಲು ಬಲು ಸೊಗಸಾದ ಕಲಾಯಿಯೊಂದು ಆ ಮನೆಯ ಮಕ್ಕಳ ಮೆದುಳಿಗೆ ದಿನವೂ ಒಂದಿಷ್ಟು ವಿಷವನ್ನು ಇಳಿಸುತ್ತಿರಬಹುದು. ಸೀಸ ಇಷ್ಟರವರೆಗೆ ಇದ್ದರೆ ಅಪಾಯವಿಲ್ಲ ಎಂಬ ಮಿತಿ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕೆಲಸ ಚೆನ್ನಾಗಿರುವುದು ಬೇರೆ, ಕೆಲಸಗಾರ ಒಳ್ಳೆಯವನಾಗಿರುವುದು ಬೇರೆ. ಮೊದಲನೆಯದನ್ನು ಲೋಹ ಕಲಿಸೀತು.

ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಬಂದ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಒಬ್ಬ ಅಂಗಡಿಕಾರನನ್ನು ತರುತ್ತಾನೆ. ಏನೂ ತಿಳಿಯದ ಗಿರಾಕಿ ಬಂದರೂ ಅವನು ಹೆಚ್ಚು ಬೆಲೆ ತೆಗೆದುಕೊಳ್ಳುವುದಿಲ್ಲ. ಒಳ್ಳೆಯದೇ, ಆದರೆ ಹಾಗೆ ಮಾಡಿದರೆ ವ್ಯಾಪಾರಕ್ಕೂ ಲಾಭವಾದ್ದರಿಂದ ಅದು ಕರ್ತವ್ಯಪ್ರಜ್ಞೆಯಿಂದ ಬಂದದ್ದೆಂದು ಹೇಳಲಾಗದು ಎಂಬುದು ಕಾಂಟನ ವಾದ. ಅಂಗಡಿಕಾರನಿಗೆ ಹೇಗೂ ಊರಿನ ಬಾಯಿಯ ಹೆದರಿಕೆ ಇದೆ. ಊರೂರು ಅಲೆಯುವ ಕಲಾಯಿಯವರಿಗೆ ಅದೂ ಇಲ್ಲ. ಇವತ್ತು ಕಾಪು, ನಾಳೆ ಕಟಪಾಡಿ, ಮರುವರ್ಷ ಬಂದರೆ ಬಂದರು. ಸೀಸದ ಹಾನಿ ಕಾಣಿಸಿಕೊಂಡರೂ ವರ್ಷಗಳ ಮೇಲೆ. ಆಗ ತಪ್ಪಲೆಯ ಮೇಲೆ ಯಾರಿಗೂ ಅನುಮಾನ ಬಾರದು. ಇಷ್ಟಿದ್ದೂ ಶುದ್ಧ ತವರವನ್ನೇ ಹಾಕಿದವರು ಕಾಂಟನ ಕಠಿಣ ಪರೀಕ್ಷೆಯಲ್ಲೂ ತೇರ್ಗಡೆಯಾಗುತ್ತಾರೆ.

ಸೀಸವನ್ನು ಬದಿಗಿಟ್ಟು ಸ್ವಲ್ಪ ಮಣಿಪಾಲಕ್ಕೆ ಹೋಗೋಣ. ಅಲ್ಲಿ ನನಗೆ ಪರಿಚಿತರಾದ ನಿವೃತ್ತರೊಬ್ಬರು ಹಿತ್ತಾಳೆಯ ತೆಳು ತಗಡಿನಿಂದ ಪುಟ್ಟ ರೈಲುಗಳನ್ನು ಮಾಡುತ್ತಾರೆ. ಉಡುಪಿಗೆ ರೈಲು ಬಂದದ್ದೇ 1993ರಲ್ಲಿ, ಅದೂ ಡೀಸೆಲ್ ರೈಲು. ಅದಕ್ಕೇ ಇರಬೇಕು, ಅವರ ಪ್ರೀತಿಯೆಲ್ಲ ಇಲ್ಲಿ ಓಡದೇ ಹೋದ ಉಗಿಬಂಡಿಗಳ ಮೇಲೆ. ಇಂಗ್ಲೆಂಡಿನಲ್ಲಿ ಈ ಹವ್ಯಾಸದವರು ದಂಡಿಯಾಗಿದ್ದಾರಂತೆ. ಇವರದು ಒಂಟಿ ಸಂಸಾರ. ಕೆಲಸದ ಕ್ರಮ ಮಾತ್ರ ನಮ್ಮ ಕಲಾಯಿಯವರದೇ. ಗಾಜಿನ ನಾರಿನ ಕುಂಚದಿಂದ ತಿಕ್ಕಬೇಕು, ಆಮ್ಲದ ದ್ರಾವಣ ಸವರಬೇಕು, ಕಾಸುವ ಕಡ್ಡಿಯಿಂದ ತವರಕ್ಕೆ ಬದಲು ತಗಡಿಗೇ ಬಿಸಿ ಮುಟ್ಟಿಸಬೇಕು. ತಗಡು ಕಾದರೆ ತವರ ತಾನಾಗಿ ಸಂದಿನೊಳಗೆ ಓಡುತ್ತದೆ. ಕೊನೆಗೆ ಎಲ್ಲವನ್ನೂ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಏಕೆಂದರೆ ಕೊಳೆ ತೆಗೆಯಲು ಹಚ್ಚಿದ ಆ ಆಮ್ಲವೇ ಒಳಗುಳಿದರೆ ಆರು ತಿಂಗಳಲ್ಲಿ ಬಣ್ಣದ ಅಡಿಯಿಂದ ಹಸಿರು ಕಿಲುಬಾಗಿ ಏಳುತ್ತದೆ. ಶುದ್ಧಿಗೆಂದು ಬಂದದ್ದು ಕೆಲಸ ಮುಗಿದ ಮೇಲೂ ಹೊರಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಕ್ಷೇತ್ರಗಳಲ್ಲೂ ಉದಾಹರಣೆ ಸಿಗುತ್ತವೆ; ಇಲ್ಲಿ ಬೇಡ.

ಅವರು ಬಾಯ್ಲರಿನ ಒಳಬದಿಯನ್ನೂ, ಎಂದೂ ಬೆಳಕು ಕಾಣದ ಸಂದನ್ನೂ ಅಷ್ಟೇ ಶ್ರದ್ಧೆಯಿಂದ ತೊಳೆಯುತ್ತಾರೆ. ನೋಡಿದರೆ ಗೌರವ ಹುಟ್ಟುತ್ತದೆ. ಆದರೂ ಇದನ್ನು ನೀತಿ ಎಂದು ಕರೆಯಲು ನನ್ನ ಮನಸ್ಸು ಒಪ್ಪದು. ಆ ಎಂಜಿನ್ನಿನ ಚಿಮಣಿ ಕಳಚಿ ಬಿದ್ದರೆ ನೋಯುವುದು ಅವರಿಗೆ ಮಾತ್ರ. ಕಲಾಯಿಯ ತಪ್ಪಲೆಯಲ್ಲಾದರೋ ಇನ್ನೊಬ್ಬರು ಉಣ್ಣುತ್ತಾರೆ. ಮೊದಲಿಗೆ ಕೇಳಿದ ಋಣದ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟೇ: ಅದು ಕಸಬಿಗೆ ಸಲ್ಲುವುದಲ್ಲ, ಉಣ್ಣುವವರಿಗೆ ಸಲ್ಲುವುದು.

ಹಾಗೆಂದು ಭಾರವನ್ನೆಲ್ಲ ಕಲಾಯಿಯವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಆ ಬಿಳಿಹೊಗೆಯನ್ನು ದಿನವಿಡೀ ಕುಡಿದವರು ಅವರು. ಅವರ ಎದೆಗೂಡಿನ ಗತಿ ಏನಾಯಿತೆಂದು ಪಾತ್ರೆ ಕೊಟ್ಟ ಮನೆಯವರು ವಿಚಾರಿಸಿದ್ದು ನಾನು ಕೇಳಿಲ್ಲ. ನಾವು ವಿಚಾರಿಸುತ್ತಿದ್ದುದು ದರವನ್ನು. ಪಾತ್ರೆಗೆ ಎಷ್ಟು, ನಾಲ್ಕು ಪಾತ್ರೆಗಾದರೆ ಎಷ್ಟು ಕಡಿಮೆ? ತವರದ ಬೆಲೆಯೂ ಹುಟ್ಟದಷ್ಟು ಕೆಳಗೆ ಚೌಕಾಶಿಮಾಡಿ, ಆಮೇಲೆ ಸೀಸ ಬೆರೆಸಿದರೆಂದು ದೂರುವವರು ಆ ಬೆರಕೆಯಲ್ಲಿ ತಾವೂ ಪಾಲುದಾರರೆಂದು ಒಪ್ಪಲಿಕ್ಕಿಲ್ಲ. ನಮ್ಮಜ್ಜಿ ಮೀನಿನವಳೊಡನೆ, ಬಳೆಗಾರನೊಡನೆ ಗಂಟೆಗಟ್ಟಲೆ ಚರ್ಚೆ ಮಾಡಿದವಳು. ಕಲಾಯಿಗೆ ಮಾತ್ರ ಕೇಳಿದಷ್ಟು ಕೊಟ್ಟುಬಿಡುತ್ತಿದ್ದಳು. ಕಾರಣ ಹೇಳಿದವಳಲ್ಲ.

ಕಾರ್ಕಳದ ನಮ್ಮತ್ತೆಯದು ಬೇರೆ ಜಾತಕ. ಆ ಊರಿನ ಗೊಮ್ಮಟ 1432ರಿಂದ ನಿಂತವನು, 42 ಅಡಿಗೂ ಒಂದೇ ಕಲ್ಲು. ಅವನಿಗೆ ಬೆಸುಗೆಯ ಚಿಂತೆ ಇಲ್ಲ. ಅತ್ತೆಗೆ ಇತ್ತು. ಕಲಾಯಿ ಮುಗಿಯುವವರೆಗೆ ಅವಳು ಮಣೆ ಹಾಕಿಕೊಂಡು ಗುಂಡಿಯ ಎದುರಿಗೇ ಕೂತು, ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಒಂದು ಸಲ ಕಲಾಯಿಯವರು ತಿದಿ ಒತ್ತುವುದನ್ನು ನಿಲ್ಲಿಸಿ, "ನೋಡಿದ್ರೆ ಗೊತ್ತಾಗುದಿಲ್ಲ ಅಮ್ಮ, ಕೇಳ್ಬೇಕು" ಎಂದರು. ಗಂಟಿನಿಂದ ತವರದ ಕಡ್ಡಿ ತೆಗೆದು ಅತ್ತೆಯ ಕಿವಿಯ ಹತ್ತಿರ ಮೆಲ್ಲಗೆ ಬಗ್ಗಿಸಿದರು. ಕರಕರ ಎಂದು ಅದು ಅತ್ತಿತು. ಶುದ್ಧ ತವರದ ಗುಣ ಅದು. ಬಗ್ಗಿಸಿದಾಗ ಒಳಗಿನ ಹರಳುಗಳ ಜೋಡಣೆ ಥಟ್ಟನೆ ಬದಲಾಗುವ ಸದ್ದು. ಸೀಸ ಹೆಚ್ಚಾಗಿ ಸೇರಿದರೆ ಕಡ್ಡಿ ಮೂಕವಾಗುತ್ತದೆ.

ಅತ್ತೆ ಸುಲಭಕ್ಕೆ ಬಗ್ಗುವವಳಲ್ಲ. "ಅಳುದು ಈ ಕಡ್ಡಿ, ಹಾಕುದೂ ಇದನ್ನೇಯಾ ಮಾರಾಯ್ರೆ?" ಎಂದಳು.

ಅವರು ನಕ್ಕು, ಕಡ್ಡಿಯನ್ನು ಅವಳ ಕೈಗೇ ಕೊಟ್ಟರು. "ನೀವೇ ಹಿಡ್ಕೊಳ್ಳಿ ಅಮ್ಮ. ನಾನು ಕೇಳುವಾಗ ಕೊಡಿ."