ಗತಿಸಿದ ದಿನವನ್ನು ಮಾರ್ಪಡಿಸಬಹುದೋ?

ಗತಿಸಿದ ದಿನವನ್ನು ಮರಳಿ ತರುವವರು ಯಾರೂ ಇಲ್ಲ. ಹೀಗಿರಲಾಗಿ, ಮಾತುಕತೆಯಿಂದಲೇ ನಡೆಯುವ ಮನೋಚಿಕಿತ್ಸೆಯು ಹಳೇ ನೋವನ್ನು ಹೇಗೆ ವಾಸಿಮಾಡೀತು? ದೇವರನ್ನು ನಂಬಿದವನು ಅದನ್ನು ಹುಡುಕುವದು ಅಪನಂಬಿಕೆಯಲ್ಲವೋ? ಹೀಗೆ ನಮ್ಮ ಸಭೆಗಳಲ್ಲಿ ಕೇಳುವವರುಂಟು.

ಅಮೇರಿಕಾ ದೇಶದ ಫಿಲಡೆಲ್ಫಿಯಾ ಪಟ್ಟಣದಲ್ಲಿ ಆರನ್ ಬೆಕ್ (1921–2021) ಎಂಬ ವೈದ್ಯರಿದ್ದರು. ಮನಗುಂದಿದವರು ತಮ್ಮನ್ನೂ ಲೋಕವನ್ನೂ ಮುಂದಣ ಕಾಲವನ್ನೂ ಒಂದೇ ಕತ್ತಲೆಯಲ್ಲಿ ಕಾಣುತ್ತಾರೆಂಬದನ್ನು ಅವರು 1960ರ ದಶಕದಲ್ಲಿ ತೋರಿಸಿದರು. ಅವರ ಕ್ರಮದಲ್ಲಿ ವೈದ್ಯನು ಗದರಿಸುವದಿಲ್ಲ, ಉಪದೇಶಿಸುವದೂ ಇಲ್ಲ. ರೋಗಿಯ ಸಂಗಡ ಕುಳಿತು, ಅವನ ಆಲೋಚನೆಗೆ ಸಾಕ್ಷ್ಯವೇನೆಂದು ವಿಚಾರಿಸುತ್ತಾನೆ.

ಒಬ್ಬ ತಾಯಿಯ ಕೂಸು ಜ್ವರದಿಂದ ತೀರಿಹೋಯಿತೆಂದು ಭಾವಿಸಿರಿ. ನಾನೇ ಅದನ್ನು ಕೊಂದೆನೆಂದು ಆಕೆ ಹತ್ತು ವರುಷ ತನ್ನನ್ನು ಹಳಿದುಕೊಂಡಿದ್ದಾಳೆ. ಆ ರಾತ್ರಿ ನಿನಗೆ ಏನು ತಿಳಿದಿತ್ತು? ಹಳ್ಳವು ತುಂಬಿರುವಾಗ ಆಸ್ಪತ್ರೆಗೆ ದಾರಿಯಿತ್ತೋ? ಬೆಳಗಾಗುವ ತನಕ ನೀನು ಏನು ಮಾಡಿದಿ? ಎಂದು ವೈದ್ಯನು ಕೇಳುತ್ತಾನೆ. ತಾನು ಒದ್ದೆಬಟ್ಟೆ ಹಾಕುತ್ತಾ ಕಣ್ಣು ಮುಚ್ಚದೆ ಕುಳಿತಿದ್ದು ಆಕೆಗೆ ಮೊದಲನೆಯ ಸಾರಿ ನೆನಪಿಗೆ ಬರುತ್ತದೆ. ಕೂಸು ಮರಳಿ ಬರಲಿಲ್ಲ, ದುಃಖವೂ ಹೋಗಲಿಲ್ಲ. ಆದರೆ ಆಕೆ ತನ್ನ ಮೇಲೆ ತಾನೇ ಹೇಳಿಕೊಂಡಿದ್ದ ಸುಳ್ಳು ತೀರ್ಪು ಬಿದ್ದುಹೋಯಿತು. ತರುವಾಯ ದಿನಕ್ಕೊಂದು ಚಿಕ್ಕ ಕೆಲಸವನ್ನು ನೇಮಿಸಿಕೊಂಡು ಮಾಡುತ್ತಾ, ಈ ದಿನವೂ ತನ್ನದೇ ಎಂದು ಕಲಿಯುತ್ತಾಳೆ. ಈ ದಿನದಲ್ಲಿ ಕಾಲೂರಿದವರಿಗೇ ನಾಳೆಯನ್ನು ನೋಡುವ ಧೈರ್ಯ ಹುಟ್ಟುತ್ತದೆ.

ಹಾಗಾದರೆ ಪಾಪವೂ ಬರೀ ಆಲೋಚನೆಯೋ? ಹಾಗಲ್ಲ. ನೆರೆಯವನ ಗದ್ದೆಯ ಬದುವನ್ನು ಒತ್ತಿದವನು ಬದುವನ್ನು ಹಿಂದಕ್ಕೆ ಸರಿಸಿ ಕ್ಷಮೆ ಬೇಡತಕ್ಕದ್ದು. ಅವನಿಗೆ ಬೇರೆ ಔಷಧವಿಲ್ಲ. ಆದರೆ ಮಾಡದ ಪಾಪಕ್ಕಾಗಿ ತನ್ನನ್ನು ಶಿಕ್ಷಿಸಿಕೊಳ್ಳುವದು ಪಶ್ಚಾತ್ತಾಪವಲ್ಲ. ಇವೆರಡನ್ನು ವಿಂಗಡಿಸುವದೇ ಸತ್ಯವನ್ನು ಪ್ರೀತಿಸುವವರ ಕೆಲಸ.

ಪೇತ್ರನನ್ನು ನೆನಪುಮಾಡಿರಿ. ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿಯ ಬಳಿಯಲ್ಲಿ ಅವನು ಮೂರು ಸಾರಿ ಕರ್ತನನ್ನು ಅರಿಯೆನೆಂದನು. ಉತ್ಥಾನದ ತರುವಾಯ ಕರ್ತನು ಸಮುದ್ರತೀರದಲ್ಲಿ ಅಂಥದೇ ಬೆಂಕಿಯ ಬಳಿಯಲ್ಲಿ ಅವನಿಗೆ ಊಟವಿಕ್ಕಿ, ಮೂರು ಸಾರಿ ಪ್ರೀತಿಯ ಕುರಿತು ಕೇಳಿದನು. ಆ ರಾತ್ರಿಯನ್ನು ಕರ್ತನು ಅಳಿಸಲಿಲ್ಲ. ಅದನ್ನು ನೋಡುವ ಬಲವನ್ನೂ ಅಂದಿಗೆ ಒಂದು ಕೆಲಸವನ್ನೂ ಮುಂದಕ್ಕೆ ಒಂದು ಹಾದಿಯನ್ನೂ ಕೊಟ್ಟನು.

ಕಾಲು ಮುರಿದವನನ್ನು ವೈದ್ಯನ ಬಳಿಗೆ ಕರೆದೊಯ್ಯುವ ನಾವು, ಮನಸ್ಸು ಮುರಿದವನಿಗೆ ಪ್ರಾರ್ಥನೆ ಸಾಲದೋ ಎಂದು ಹೇಳಿ ಮನೆಯಲ್ಲಿ ಕೂಡಿಸುವದು ನ್ಯಾಯವಲ್ಲ. ಭಾರತ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. ನಿಮ್ಮ ಸಭೆಯಲ್ಲಿ ಬಹುಕಾಲದಿಂದ ಮೌನವಾಗಿ ಕುಳಿತಿರುವವರು ಯಾರು? ಈ ವಾರವೇ ಅವರ ಮನೆಗೆ ಹೋಗಿರಿ. ಪ್ರಾರ್ಥಿಸಿರಿ, ಅದಕ್ಕೆ ಮುಂಚೆ ಅವರ ಮಾತನ್ನು ಕೇಳಿರಿ.