ಗುಳಿಗೆ, ಭರವಸೆ ಮತ್ತು ಸಹನೆ

ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಲ್ಲಿ ನಮ್ಮ ಸಂಬಂಧಿಕರಾದ ಒಬ್ಬ ಚಾಚಾ ಇದ್ದಾರೆ. ವಯಸ್ಸು ಎಪ್ಪತ್ತರ ಆಸುಪಾಸು. ಜೀವಮಾನವಿಡೀ ಹೊಲದಲ್ಲಿ ದುಡಿದವರು, ಐದು ಹೊತ್ತಿನ ನಮಾಝನ್ನು ಮಸೀದಿಯಲ್ಲಿಯೇ ನಿರ್ವಹಿಸುವವರು. ಒಂದು ದಿನ ಎದೆಯೊಳಗೆ ಹಕ್ಕಿ ಬಡಿದಾಡಿದಂತಾಗಿ, ಉಸಿರು ಕಟ್ಟಿ ಅವರು ಕುಳಿತಲ್ಲಿಯೇ ಕುಸಿದರು. ಧಾರವಾಡದಲ್ಲಿ ಪರೀಕ್ಷಿಸಿದಾಗ ಹೃದಯಬಡಿತದ ಲಯ ತಪ್ಪಿದೆಯೆಂದು ತಿಳಿಯಿತು. ಬಡಿತವನ್ನು ಹತೋಟಿಯಲ್ಲಿಡಲು ಒಂದು ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯಲು ಇನ್ನೊಂದು. ಅವನ್ನು ಪ್ರತಿದಿನವೂ ತಪ್ಪದೆ ಸೇವಿಸಬೇಕೆಂದು ವೈದ್ಯರು ತಾಕೀತು ಮಾಡಿ ಕಳುಹಿಸಿದರು.

ಕೆಲವು ತಿಂಗಳ ನಂತರ ಅಸ್ರ್ ನಮಾಝಿನ ಬಳಿಕ ಮಸೀದಿಯ ಕಟ್ಟೆಯ ಮೇಲೆ ಅವರು ಸಿಕ್ಕಿದರು. ಆರೋಗ್ಯ ವಿಚಾರಿಸಿದೆ.

“ಗುಳಗಿ ಬಿಟ್ಟೇನಿ ತಮ್ಮಾ” ಎಂದರು. “ತಗೊಂಡ್ರ ಕೈಕಾಲು ತಣ್ಣಗಾಗತಾವ, ಸಜ್ದಾದಿಂದ ಏಳೂವಾಗ ಕಣ್ಣಿಗೆ ಕತ್ತಲಿ ಬರ್ತದ. ಸ್ವಲ್ಪ ತಾಗಿದ್ರ ಸಾಕು, ತೋಳು ನೀಲಿಗಟ್ಟತದ. ಬಿಟ್ಟ ಮ್ಯಾಲೆ ಹಗುರ ಆಗೇತಿ. ಕಾಪಾಡಾಂವ ಅಲ್ಲಾಹ, ಗುಳಗಿ ಅಲ್ಲ.”

ನಾನು ಏನು ಹೇಳಿದೆ ಗೊತ್ತೇ? “ಮಾಶಾ ಅಲ್ಲಾಹ್, ಚಾಚಾ, ನಿಮ್ಮ ಈಮಾನ್ ನಮಗೂ ಸಿಗಲಿ” ಎಂದೆ. ಮೆಚ್ಚುಗೆಯಿಂದಲೇ ಹೇಳಿದೆ. ಮೂರು ವಾರವೂ ಕಳೆದಿರಲಿಲ್ಲ, ಒಂದು ಮುಂಜಾನೆ ಅವರ ಬಾಯಿ ಒಂದು ಬದಿಗೆ ವಾಲಿತು, ಮಾತು ನಿಂತಿತು. ಅಲ್ಲಾಹನ ಅನುಗ್ರಹದಿಂದ ಗಂಟೆಯೊಳಗೆ ಮಾತು ಮರಳಿತು. ಆದರೆ ಅಂದಿನಿಂದ ನನ್ನ ಆ ಮೆಚ್ಚುಗೆಯ ಮಾತು ನನ್ನನ್ನು ಚುಚ್ಚುತ್ತಲೇ ಇದೆ. ನಾನು ಹೊಗಳಿದ್ದು ಅವರ ಭರವಸೆಯನ್ನೇ, ಅಥವಾ ನನಗೆ ಅರಿವಿಲ್ಲದ ಒಂದು ಅಪಾಯವನ್ನೇ?

ಕಾಣುವ ಕಷ್ಟ, ಕಾಣದ ಅಪಾಯ

ಈ ರೋಗದ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ. ಹೃದಯದ ಮೇಲಿನ ಎರಡು ಕೋಣೆಗಳು ಕ್ರಮಬದ್ಧವಾಗಿ ಕುಗ್ಗುವ ಬದಲು ಕಂಪಿಸತೊಡಗುವುದನ್ನು ವೈದ್ಯರು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಆಗ ರಕ್ತವು ಅಲ್ಲಿ ಸರಾಗವಾಗಿ ಹರಿಯದೆ ನಿಲ್ಲುತ್ತದೆ. ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿನ ನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಲಕ್ವ ಹೊಡೆಯುತ್ತದೆ. ಈ ರೋಗವುಳ್ಳವರಿಗೆ ಲಕ್ವದ ಸಂಭವ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚೆಂದು ವೈದ್ಯಶಾಸ್ತ್ರ ಹೇಳುತ್ತದೆ.

ಈ ಅಪಾಯ ರೋಗಿಯ ಅನುಭವಕ್ಕೆ ಬರುವುದಿಲ್ಲ, ಅನುಭವಕ್ಕೆ ಬರುವುದು ಗುಳಿಗೆಯ ಉಪದ್ರವ ಮಾತ್ರ. ಬಡಿತವನ್ನು ನಿಧಾನಗೊಳಿಸುವ ಮೆಟೊಪ್ರೊಲಾಲ್‌ನಂತಹ ಗುಳಿಗೆಗಳಿಂದ ಆಯಾಸ, ತಲೆಸುತ್ತು, ಕೈಕಾಲು ತಣ್ಣಗಾಗುವುದು, ಕೆಲವರಿಗೆ ಕೆಟ್ಟ ಕನಸುಗಳು. ಲಯವನ್ನು ಸರಿಪಡಿಸಲು ಕೊಡುವ ಅಮಿಯೊಡರೋನ್‌ನಲ್ಲಿ ಅಯೋಡಿನ್ ಅಂಶ ಹೆಚ್ಚಾಗಿರುವುದರಿಂದ ಥೈರಾಯ್ಡ್ ಏರುಪೇರಾಗಬಹುದು, ಬಿಸಿಲಿಗೆ ಚರ್ಮ ಸುಡಬಹುದು, ಶ್ವಾಸಕೋಶಕ್ಕೂ ಹಾನಿಯಾಗಬಹುದು. ಸೇವನೆ ನಿಲ್ಲಿಸಿದ ಮೇಲೂ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ದೇಹದಲ್ಲಿ ಉಳಿದಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಿಂದ ಒಸಡಿನಲ್ಲಿ, ಮೂಗಿನಲ್ಲಿ ರಕ್ತ ಬರಬಹುದು, ಕೆಲವೊಮ್ಮೆ ಅಪಾಯಕಾರಿ ರಕ್ತಸ್ರಾವವೂ ಆಗಬಹುದು. ಆದ್ದರಿಂದಲೇ ಅದಕ್ಕೆ ಆಗಾಗ ರಕ್ತಪರೀಕ್ಷೆ ಬೇಕು.

ಅಂದರೆ ಚಾಚಾ ಹೇಳಿದ ಉಪದ್ರವಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ತಪ್ಪಿದ್ದು ಅವುಗಳಿಂದ ಅವರು ತೆಗೆದ ತೀರ್ಮಾನ. ಮನುಷ್ಯನ ಸ್ವಭಾವವೇ ಹಾಗೆ. ಇಂದಿನ ಸಣ್ಣ ನೋವು ನಾಳೆಯ ದೊಡ್ಡ ನಷ್ಟಕ್ಕಿಂತ ದೊಡ್ಡದಾಗಿ ಕಾಣಿಸುತ್ತದೆ. ಪರಲೋಕದ ವಿಷಯದಲ್ಲಿ ನಾವೆಲ್ಲ ಮಾಡುವ ತಪ್ಪೂ ಇದೇ ಅಲ್ಲವೇ? ಫಜ್ರ್‌ನ ಹೊತ್ತಿನ ಚಳಿ ಈಗಲೇ ಅನುಭವಕ್ಕೆ ಬರುತ್ತದೆ, ವಿಚಾರಣೆಯ ದಿನ ಬರುವುದಿಲ್ಲ. ಕಾಣದ ಸತ್ಯವನ್ನು ಕಾಣುವ ಸುಖಕ್ಕಿಂತ ಮೇಲೆ ಇಡುವುದೇ ವಿಶ್ವಾಸವಾಗಿದ್ದರೆ, ಹಗುರವೆನಿಸಿತೆಂದು ಔಷಧ ಬಿಡುವುದನ್ನು ವಿಶ್ವಾಸದ ಲಕ್ಷಣವೆಂದು ಹೇಗೆ ಕರೆಯುವುದು?

ತವಕ್ಕುಲ್ ಎಂದರೇನು?

ಕಾಪಾಡುವವನು ಅಲ್ಲಾಹನೇ ಹೊರತು ಗುಳಿಗೆಯಲ್ಲ ಎಂಬ ಮಾತು ಅಕ್ಷರಶಃ ಸತ್ಯ. ರೋಗ ಬಂದಾಗ ಗುಣಪಡಿಸುವವನು ತನ್ನ ಪ್ರಭುವೇ ಎಂದು ಪ್ರವಾದಿ ಇಬ್ರಾಹೀಮ್(ಅ) ಸಾರಿದ್ದನ್ನು ಪವಿತ್ರ ಕುರ್‌ಆನ್ ನಮಗೆ ತಿಳಿಸಿದೆ (ಅಶ್ಶುಅರಾ: 80). ಆದರೆ ಬೆಳೆ ಬೆಳೆಸುವವನೂ ಅಲ್ಲಾಹನೇ. ಹಾಗೆಂದು ಚಾಚಾ ಯಾವ ವರ್ಷವೂ ಬಿತ್ತದೆ ಮನೆಯಲ್ಲಿ ಕುಳಿತವರಲ್ಲ. ಮುಂಗಾರಿಗೆ ಮುಂಚೆ ಹೊಲ ಹರಗಿ, ಬೀಜ ಹಾಕಿ, ಆಮೇಲೆ ಆಕಾಶದತ್ತ ಕೈಯೆತ್ತಿದವರು. ಹೊಲದಲ್ಲಿ ಅವರಿಗೆ ಅರ್ಥವಾಗಿದ್ದ ತವಕ್ಕುಲ್ ಸ್ವಂತ ದೇಹದ ವಿಷಯದಲ್ಲಿ ಮರೆತುಹೋಯಿತು.

ಒಂಟೆಯನ್ನು ಕಟ್ಟಿ ಭರವಸೆಯಿಡಲೇ, ಬಿಟ್ಟು ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟು, ನಂತರ ಭರವಸೆಯಿಡು ಎಂಬ ಅರ್ಥದ ಉತ್ತರವನ್ನು ಪ್ರವಾದಿ(ಸ) ಕೊಟ್ಟರೆಂದು ತಿರ್ಮಿದಿಯಲ್ಲಿದೆ. ಖಲೀಫಾ ಉಮರ್(ರ) ಶಾಮ್‌ಗೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹರಡಿರುವ ಸುದ್ದಿ ತಿಳಿದು ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಅಬೂಉಬೈದಾ(ರ) ಪ್ರಶ್ನಿಸಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರದ ಸಾರ. ರೋಗ ವಿಧಿಯಾದರೆ ಔಷಧವೂ ವಿಧಿಯೇ. ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳುವುದು ವಿಧಿಗೆ ಶರಣಾಗುವುದಲ್ಲ, ವಿಧಿಯಲ್ಲಿ ಆಯ್ಕೆ ಮಾಡುವುದು.

ಅಲ್ಲದೆ ಈ ದೇಹ ನಮ್ಮ ಸ್ವತ್ತಲ್ಲ, ಅಲ್ಲಾಹನು ವಹಿಸಿಕೊಟ್ಟ ಅಮಾನತ್. ಕೈಯಾರೆ ನಿಮ್ಮನ್ನು ನೀವು ನಾಶಕ್ಕೆ ತಳ್ಳಿಕೊಳ್ಳಬೇಡಿರೆಂಬ ಕುರ್‌ಆನಿನ ಎಚ್ಚರಿಕೆಯನ್ನು (ಅಲ್ ಬಕರಃ: 195) ಇಲ್ಲಿ ನೆನೆಯಬೇಕು.

ಹಾಗಾದರೆ ಸುಮ್ಮನೆ ಸಹಿಸಬೇಕೇ?

ಇಲ್ಲಿ ಇನ್ನೊಂದು ಬದಿಯ ತಪ್ಪು ಕಾದಿರುತ್ತದೆ. ಔಷಧ ಬಿಡಬಾರದು ಎಂದ ಕೂಡಲೇ, ಅದರಿಂದ ಏನೇ ಆದರೂ ಬಾಯಿಮುಚ್ಚಿ ನುಂಗುವುದೇ ಸಬ್ರ್ ಎಂದು ಕೆಲವರು ಭಾವಿಸುತ್ತಾರೆ. ಇದೂ ಸರಿಯಲ್ಲ. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಕೆಲವೊಮ್ಮೆ ಕೇವಲ ಪ್ರಮಾಣದ್ದು. ನಮ್ಮ ಬೇಲಿಗಳಲ್ಲಿ ಬೆಳೆಯುವ ಹಳದಿ ಕಣಗಿಲೆಯ ವಿಷ ಯಾರಿಗೆ ಗೊತ್ತಿಲ್ಲ? ಆ ವಿಷ ಕೆಲಸ ಮಾಡುವುದು ಹೃದಯದ ಮೇಲೆ. ಅದೇ ಬಗೆಯ ವಸ್ತು ಫಾಕ್ಸ್‌ಗ್ಲೋವ್ ಎಂಬ ಗಿಡದಲ್ಲೂ ಇದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಅದರ ಔಷಧಗುಣದ ಬಗ್ಗೆ ಗ್ರಂಥ ಬರೆದಾಗ ಅದರ ಉಪದ್ರವಗಳನ್ನೂ ಮುಚ್ಚಿಡದೆ ಬರೆದನು: ವಾಂತಿ ಬರುವುದು, ನಾಡಿ ಅತಿಯಾಗಿ ನಿಧಾನವಾಗುವುದು, ವಸ್ತುಗಳು ಹಳದಿ ಹಸಿರಾಗಿ ಕಾಣುವುದು. ಅದೇ ಕುಲದ ಗಿಡದಿಂದ ಬಂದ ಡಿಗಾಕ್ಸಿನ್ ಇಂದಿಗೂ ಬಳಕೆಯಲ್ಲಿದೆ. ಅದನ್ನು ಸೇವಿಸುವ ರೋಗಿ ಅನ್ನ ಸೇರುತ್ತಿಲ್ಲ, ಕಣ್ಣಿಗೆ ಹಳದಿ ಕಾಣುತ್ತಿದೆ ಎಂದು ಹೇಳಿದರೆ ಅದು ಗೊಣಗಾಟವಲ್ಲ, ಜೀವ ಉಳಿಸುವ ಸುದ್ದಿ.

ವೈದ್ಯಶಾಸ್ತ್ರವೂ ವಿನಯ ಕಲಿಯಬೇಕಾಗಿ ಬಂದ ಒಂದು ಘಟನೆಯಿದೆ. ಹೃದಯಾಘಾತವಾದವರಲ್ಲಿ ಕಾಣಿಸುವ ಹೆಚ್ಚುವರಿ ಬಡಿತಗಳನ್ನು ಅಡಗಿಸಿದರೆ ಆಯುಷ್ಯ ಹೆಚ್ಚುವುದೆಂದು ವೈದ್ಯರು ನಂಬಿದ್ದರು. ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 1989ರಲ್ಲಿ ಹೊರಬಂತು. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಔಷಧಗಳು ಆ ಬಡಿತಗಳನ್ನು ಅಡಗಿಸಿದ್ದವು, ಆದರೆ ಅವುಗಳನ್ನು ಸೇವಿಸಿದವರಲ್ಲಿ ಸಾವಿನ ಪ್ರಮಾಣ ಔಷಧವಿಲ್ಲದ ಹುಸಿಗುಳಿಗೆ ನುಂಗಿದವರಿಗಿಂತ ಎರಡು ಪಟ್ಟಿಗೂ ಮಿಕ್ಕಿತ್ತು. ಕಾಗದದ ಮೇಲಿನ ಗೆರೆ ಸರಿಯಾಗಿತ್ತು, ಮನುಷ್ಯ ಉಳಿಯಲಿಲ್ಲ. ಇದರಿಂದ ಔಷಧವೆಲ್ಲ ಮೋಸವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ತಪ್ಪನ್ನು ಕಂಡುಹಿಡಿದದ್ದೂ, ಒಪ್ಪಿಕೊಂಡದ್ದೂ ಅದೇ ವಿದ್ಯೆ. ಆದರೆ ಯಾವ ಔಷಧ ಯಾರಿಗೆ ಎಷ್ಟು ಎಂಬುದನ್ನು ವೈದ್ಯನು ರೋಗಿಯ ಬಾಯಿಂದ ಕೇಳಿಯೇ ಪೂರ್ತಿಯಾಗಿ ತಿಳಿಯಬಲ್ಲನು ಎಂಬುದಂತೂ ಖಚಿತ.

ಕೇಳುವುದು ದೂರಲ್ಲ

ಪ್ರವಾದಿ(ಸ)ಯವರ ಬಳಿಗೆ ಬಂದ ಮೂರ್ಛೆರೋಗದ ಸ್ತ್ರೀಯ ವೃತ್ತಾಂತ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಮೂರ್ಛೆ ಬಂದಾಗ ಮೈಮೇಲಿನ ಬಟ್ಟೆ ಸರಿಯುತ್ತದೆಂದು ಆಕೆ ಹೇಳಿಕೊಂಡಳು. ಸಹಿಸಿದರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲು ಪ್ರಾರ್ಥಿಸುವೆನು ಎಂದು ಪ್ರವಾದಿ(ಸ) ಆಯ್ಕೆ ಕೊಟ್ಟರು. ಆಕೆ ಸಹನೆಯನ್ನು ಆರಿಸಿದಳು. ಆದರೆ ಬಟ್ಟೆ ಸರಿಯದಂತೆ ಪ್ರಾರ್ಥಿಸಿರಿ ಎಂದಳು. ಅವರು ಪ್ರಾರ್ಥಿಸಿದರು.

ಈ ಘಟನೆಯನ್ನು ತೋರಿಸಿ, ಚಿಕಿತ್ಸೆ ಬಿಡುವುದೇ ಶ್ರೇಷ್ಠವೆಂದು ಹೇಳುವವರಿದ್ದಾರೆ. ಚಿಕಿತ್ಸೆ ಪಡೆಯುವುದು ಎಲ್ಲ ಸಂದರ್ಭಗಳಲ್ಲೂ ಕಡ್ಡಾಯವಲ್ಲವೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ, ನಿಜ. ಆದರೆ ಆ ಮಹಿಳೆ ಮಾಡಿದ್ದನ್ನು ಗಮನಿಸಿರಿ. ಆಕೆ ಗುಟ್ಟಾಗಿ ನಿರ್ಧರಿಸಲಿಲ್ಲ. ತಿಳಿದವರ ಬಳಿ ಬಂದಳು, ನಾಚಿಕೆಯ ವಿಷಯವನ್ನೂ ಬಿಚ್ಚಿ ಹೇಳಿದಳು, ಎರಡೂ ದಾರಿಗಳನ್ನು ಕೇಳಿ ತಿಳಿದು ಒಂದನ್ನು ಆರಿಸಿದಳು. ಅಷ್ಟೇ ಅಲ್ಲ, ರೋಗವನ್ನು ಸಹಿಸುತ್ತೇನೆಂದವಳು ಅದರ ಜೊತೆಗಿನ ಉಪದ್ರವಕ್ಕೆ ಪರಿಹಾರ ಕೇಳಿದಳು. ಸಹನೆ ಮತ್ತು ಪರಿಹಾರದ ಬೇಡಿಕೆ ಒಂದೇ ಹೃದಯದಲ್ಲಿ ಒಟ್ಟಿಗೆ ಇರಬಲ್ಲವು. ಸ್ವರ್ಗದ ವಾಗ್ದಾನ ಪಡೆದ ಆಕೆಗೆ ಆ ಕೇಳಿಕೆಯಿಂದ ಯಾವ ಕುಂದೂ ಬರಲಿಲ್ಲ.

ತಲೆಗೆ ಗಾಯವಾಗಿದ್ದ ಒಬ್ಬರಿಗೆ ಸ್ನಾನ ಅಗತ್ಯವಾದಾಗ, ತಯಮ್ಮುಮ್‌ಗೆ ಅವಕಾಶವಿಲ್ಲವೆಂದು ಸಂಗಡಿಗರು ತಿಳಿಯದೆ ಹೇಳಿದರು. ಅವರು ಸ್ನಾನ ಮಾಡಿ ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿ(ಸ) ಬಹಳ ನೊಂದುಕೊಂಡು, ಗೊತ್ತಿಲ್ಲದಾಗ ಕೇಳಬಾರದಿತ್ತೇ ಎಂದು ಆಕ್ಷೇಪಿಸಿದರೆಂದು ಅಬೂದಾವೂದ್‌ನಲ್ಲಿದೆ. ಈ ಹದೀಸನ್ನು ಓದುವಾಗಲೆಲ್ಲ ನನಗೆ ಆ ಮಸೀದಿಯ ಕಟ್ಟೆ ನೆನಪಾಗುತ್ತದೆ. ಆ ಸಂಗಡಿಗರಂತೆ ನಾನೂ ತಿಳಿಯದೆ ಮಾತಾಡಿದ್ದೆ. ಅಂದು ನಾನು ಹೇಳಬೇಕಾಗಿದ್ದುದು ಇಷ್ಟೇ: “ಚಾಚಾ, ಈ ಮಾತನ್ನು ಡಾಕ್ಟರಿಗೆ ಹೇಳಿದಿರಾ? ನಾಳೆ ನಾನೂ ಜೊತೆಗೆ ಬರುತ್ತೇನೆ.”

ಕುಟುಂಬದ ಹೊಣೆ

ಮಾತು ಮರಳಿದ ಮೇಲೆ ಮತ್ತೆ ಧಾರವಾಡಕ್ಕೆ ಹೋದಾಗ, ಮೊದಲೇ ಏಕೆ ಹೇಳಲಿಲ್ಲವೆಂದು ವೈದ್ಯರು ಕೇಳಿದರು. “ಹೊರಗ ಅಷ್ಟು ಮಂದಿ ಕುಂತಿರ್ತಾರ್ರೀ ಸಾಹೇಬರ, ನನ್ನ ಸಣ್ಣ ಮಾತು ಎಲ್ಲಿ ಹೇಳೂದು ಅಂತ ಸುಮ್ಮನಾದೆ” ಎಂದರು ಚಾಚಾ. ಚಾಚಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಗಂಡನ ಮಾತು ಮೀರಬಾರದೆಂದು ಅವರು ಯಾರಿಗೂ ಹೇಳಿರಲಿಲ್ಲ. ಪ್ರಾಣದ ವಿಷಯದಲ್ಲಿ ಇಂತಹ ಮೌನ ವಿಧೇಯತೆಯಾಗದು. ಮನೆಯವರು ಗುಳಿಗೆಯ ಲೆಕ್ಕ ಇಡಬೇಕು, ದೂರುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು, ವೈದ್ಯರೆದುರು ಅದನ್ನು ಓದಿ ಹೇಳಬೇಕು. ಆಯಾಸದಿಂದ ಮಲಗಿದವರನ್ನು ಸೋಮಾರಿಯೆಂದು ಹಂಗಿಸಬಾರದು.

ಪಥ್ಯದ ವಿಷಯವೂ ಹಾಗೆಯೇ. ವಾರ್ಫರಿನ್ ಸೇವಿಸುವವರಿಗೆ ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ಕೆ ಅಡ್ಡಬರುತ್ತದೆ. ಹಾಗೆಂದು ರೊಟ್ಟಿಯ ಜೊತೆಗಿನ ಮೆಂತ್ಯ, ಹಕ್ಕರಕಿ ಪೂರಾ ಬಿಡಬೇಕಾಗಿಲ್ಲ. ಒಂದು ವಾರ ಬುಟ್ಟಿಗಟ್ಟಲೆ, ಮರುವಾರ ಏನೂ ಇಲ್ಲ ಎಂದಾಗದೆ ಹಿತಮಿತವಾಗಿ ಒಂದೇ ಪ್ರಮಾಣದಲ್ಲಿರಬೇಕು. ನೋವಿನ ಗುಳಿಗೆಯಾಗಲಿ, ಯಾರೋ ಕೊಟ್ಟ ಪುಡಿಯಾಗಲಿ ವೈದ್ಯರನ್ನು ಕೇಳದೆ ಸೇವಿಸಬಾರದು. ರಮಝಾನ್ ಸಮೀಪಿಸುವಾಗ ಉಪವಾಸ ಸಾಧ್ಯವೇ, ಗುಳಿಗೆಯನ್ನು ಸಹರಿ ಅಥವಾ ಇಫ್ತಾರಿಗೆ ಬದಲಾಯಿಸಬಹುದೇ ಎಂದು ಮುಂಚಿತವಾಗಿಯೇ ವಿಚಾರಿಸಬೇಕು. ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿರುವಾಗ (ಅಲ್ ಬಕರಃ: 185) ಅದನ್ನು ಸ್ವೀಕರಿಸಲು ನಾಚಿಕೆಪಡುವುದು ಭಕ್ತಿಯಲ್ಲ. ನಿಂತು ನಮಾಝ್ ಮಾಡಲಾಗದವರು ಕುಳಿತು ಮಾಡಲಿ. ಮೂಲವ್ಯಾಧಿಯಿಂದ ಬಳಲುತ್ತಿದ್ದ ಸಹಾಬಿ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿ(ಸ) ಇದನ್ನೇ ಅನುಮತಿಸಿದ್ದರು.

ಉಳಿದದ್ದು ಸಹನೆಯ ಪಾಲು

ವೈದ್ಯರು ಚಾಚಾರ ಒಂದು ಗುಳಿಗೆಯ ಪ್ರಮಾಣ ಇಳಿಸಿದರು, ಸೇವಿಸುವ ಹೊತ್ತನ್ನು ರಾತ್ರಿಗೆ ಬದಲಾಯಿಸಿದರು. ಕಣ್ಣಿಗೆ ಕತ್ತಲೆ ಬರುವುದು ನಿಂತಿತು. ತೋಳಿನ ನೀಲಿ ಕಲೆಗಳು ಈಗಲೂ ಕೆಲವೊಮ್ಮೆ ಮೂಡುತ್ತವೆ, ಆಯಾಸವೂ ಪೂರ್ತಿ ಹೋಗಿಲ್ಲ. ಮೊದಲಿನಂತೆ ಹೊಲಕ್ಕೆ ನಡೆದು ಹೋಗುವುದು ಆಗುತ್ತಿಲ್ಲ.

ಸಬ್ರ್‌ನ ನಿಜವಾದ ಜಾಗ ಇದು. ಕೇಳಬೇಕಾದವರನ್ನು ಕೇಳಿ, ಮಾಡಬೇಕಾದ್ದನ್ನು ಮಾಡಿ, ಬದಲಾಯಿಸಬಹುದಾದುದನ್ನು ಬದಲಾಯಿಸಿದ ಬಳಿಕವೂ ಉಳಿಯುವ ನೋವು ವಿಶ್ವಾಸಿಯ ಪಾಲಿನ ಪರೀಕ್ಷೆ. ಪ್ರವಾದಿ ಅಯ್ಯೂಬ್(ಅ) ತಮ್ಮ ಸಂಕಟವನ್ನು ತಮ್ಮ ಪ್ರಭುವಿನ ಮುಂದೆ ಹೇಳಿಕೊಂಡರು (ಅಲ್ ಅಂಬಿಯಾ: 83). ಆದರೂ ಅಲ್ಲಾಹನು ಅವರನ್ನು ಸಹನಶೀಲರೆಂದೇ ಹೊಗಳಿದನು. ಮುಳ್ಳು ಚುಚ್ಚಿದ ನೋವಿಗೂ ವಿಶ್ವಾಸಿಯ ಪಾಪ ಅಳಿಯುವುದಾದರೆ, ಜೀವ ಉಳಿಸಿಕೊಳ್ಳಲೆಂದು ಪ್ರತಿರಾತ್ರಿ ನುಂಗುವ ಗುಳಿಗೆಯ ಸಂಕಟ ವ್ಯರ್ಥವಾಗುವುದೇ?

ಮೊನ್ನೆ ಇಶಾ ನಂತರ ಅವರ ಮನೆಗೆ ಹೋಗಿದ್ದೆ. ಚಾಚಿ ನೀರಿನ ಲೋಟ ತಂದಿಟ್ಟರು. ಚಾಚಾ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಬಿಸ್ಮಿಲ್ಲಾಹ್ ಹೇಳಿ ನುಂಗಿದರು. ನನ್ನತ್ತ ನೋಡಿ ನಕ್ಕು, “ಒಂಟಿ ಕಟ್ಟಿದೆ ತಮ್ಮಾ, ಇನ್ನ ಅವನ ಮ್ಯಾಲೆ ಬಿಟ್ಟದ್ದು” ಎಂದರು. ಈ ಸಲ ನಾನು ಹೇಳಿದ ಮಾಶಾ ಅಲ್ಲಾಹ್ ಸರಿಯಾದ ಜಾಗದಲ್ಲಿತ್ತೆಂದು ನಂಬುತ್ತೇನೆ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಮನವನ್ನೂ, ಅವರ ಸೇವೆ ಮಾಡುವವರಿಗೆ ಪ್ರತಿಫಲವನ್ನೂ, ಸಲಹೆ ಕೊಡುವ ನಮ್ಮಂಥವರಿಗೆ ತಿಳಿದು ಮಾತಾಡುವ ವಿವೇಕವನ್ನೂ ದಯಪಾಲಿಸಲಿ. ಆಮೀನ್.